ತಿಲಕವಾಡಿಯ ತೈಚಿ ಕ್ಲಾಸು: ಮೊದಲು ನಿಲ್ಲಬೇಕು, ಆಮೇಲೆ ಹೆಜ್ಜೆ

ಬೆಳಗಾವಿಯಲ್ಲಿ ತೈಚಿ ಎಲ್ಲಿ ಕಲಿಸ್ತಾರೆ, ನೀವು ಹೋಗೋ ಕಡೆ ಹೇಗಿದೆ ಅಂತ ಈಗೀಗ ಸುಮಾರು ಜನ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆಯುತ್ತೇನೆ. ತೈಚಿ ಅಂದರೆ ನಿಧಾನ ಚಲನೆಗಳ ಮೂಲಕ ಕಲಿಸುವ ಚೀನಾದ ಹೋರಾಟದ ವಿದ್ಯೆ.

ಕ್ಲಾಸು ಇರುವುದು ತಿಲಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನಿಂದ ನಡೆದು ಹೋಗುವಷ್ಟು ದೂರ. ಒಂದು ಹಳೆಯ ಮನೆಯ ಮೇಲಿನ ಹಾಲ್. ಹೊರಗೆ ಬೋರ್ಡ್ ಇಲ್ಲ, ಕ್ಲಾಸಿಗೆ ಹೆಸರೂ ಇಲ್ಲ. ಬೆಳಗ್ಗೆ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ವಾಕಿಂಗ್ ಮಾಡುವವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಕಲಿಸುವವರು ಬೆಳಗಾವಿಯವರೇ. ಪುಣೆಯಲ್ಲಿ ನೌಕರಿ ಮಾಡುವಾಗ ಯಾಂಗ್ ಮನೆತನದ ಶೈಲಿಯ ತೈಚಿ ಕಲಿತು, ನಿವೃತ್ತಿಯಾಗಿ ಊರಿಗೆ ಬಂದವರು. ನಾವು ಸರ್ ಅಂತ ಕರೆಯುತ್ತೇವೆ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಹೇಳಿಕೊಡುತ್ತಾರೆ, ಯಾರಿಗೆ ಯಾವುದು ತಿಳಿಯುತ್ತೋ ಅದರಲ್ಲಿ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಊರು ಬೈಲಹೊಂಗಲ ಕಡೆಯ ಹಳ್ಳಿ. ಹುಡುಗನಾಗಿದ್ದಾಗ ಊರಿನ ತಾಲೀಮಿನಲ್ಲಿ ಕುಸ್ತಿ ಆಡಿದ್ದೇನೆ. ಈಗಲೂ ಆನಂದವಾಡಿ ಆಖಾಡದಲ್ಲಿ ಒಳ್ಳೆಯ ಜೋಡಿ ಇದೆ ಅಂದರೆ ನೋಡಲು ಹೋಗುತ್ತೇನೆ. ಹಾಗಾಗಿ ಮೈ ಬಳಸುವ ಯಾವ ವಿದ್ಯೆ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಅದನ್ನು ಕಲಿಸುವ ಕ್ರಮದ ಮೇಲೆ. ಈ ಕ್ಲಾಸಿನ ಬಗ್ಗೆ ನಾನು ಬರೆಯುತ್ತಿರುವುದೂ ಅದನ್ನೇ.

ಸೇರಿದ ಮೊದಲ ದಿನಗಳಲ್ಲಿ ಇಲ್ಲಿ ಯಾರಿಗೂ ತೈಚಿ ತೋರಿಸುವುದಿಲ್ಲ. ಸುಮ್ನೆ ನಿಲ್ಲಿಸುತ್ತಾರೆ. ಪಾದಗಳು ಭುಜದಷ್ಟು ಅಗಲ, ಮೊಳಕಾಲು ಸ್ವಲ್ಪ ಬಾಗಿರಬೇಕು, ತೋಳುಗಳು ಎದೆಯ ಮುಂದೆ ದುಂಡಗೆ. ಇದಕ್ಕೆ ಜಾನ್ ಜ್ವಾಂಗ್ ಅನ್ನುತ್ತಾರೆ. ಐದು ನಿಮಿಷದಿಂದ ಶುರು, ನಿಧಾನಕ್ಕೆ ಹದಿನೈದು, ಇಪ್ಪತ್ತಕ್ಕೆ ಹೋಗುತ್ತದೆ. ನೋಡುವವರಿಗೆ ಇದರಲ್ಲಿ ಏನೂ ಇಲ್ಲ. ನಿಂತವರಿಗೆ ತೊಡೆ ಉರಿಯುತ್ತದೆ, ಭುಜ ತಾನಾಗಿ ಮೇಲೇರುತ್ತದೆ, ಉಸಿರು ಎದೆಯಲ್ಲೇ ನಿಲ್ಲುತ್ತದೆ. ಸರ್ ಹಿಂದೆ ಬಂದು ಎರಡು ಬೆರಳಿನಿಂದ ಭುಜ ಮುಟ್ಟಿ "ಬಿಡ್ರಿ, ಇಲ್ಲಿ ಬಿಡ್ರಿ" ಅನ್ನುತ್ತಾರೆ. ಬಿಟ್ಟೆ ಅಂದುಕೊಂಡ ಮೇಲೂ ಇನ್ನೊಂದಿಷ್ಟು ಬಿಡುವುದು ಉಳಿದಿರುತ್ತದೆ. ತೊಡೆ ಉರಿದರೆ ಚಿಂತೆ ಇಲ್ಲ, ಮೊಳಕಾಲಿನ ಒಳಗೆ ನೋವು ಬಂದರೆ ತಕ್ಷಣ ಹೇಳಬೇಕು. ಇದು ಅವರ ಖಡಕ್ ನಿಯಮ. ಮೊಳಕಾಲು ಬೆರಳುಗಳ ದಿಕ್ಕಿಗೇ ಇರಬೇಕು, ಬೆರಳಿನ ತುದಿ ದಾಟಬಾರದು, ಒಳಕ್ಕೆ ವಾಲಬಾರದು. ವಿಡಿಯೋ ನೋಡಿ ಮನೆಯಲ್ಲೇ ಕಲಿತು ಮೊಳಕಾಲು ಹಿಡಿದುಕೊಂಡು ಬಂದವರನ್ನು ಈ ಹಾಲಿನಲ್ಲಿ ನೋಡಿದ್ದೇನೆ. ಆದ್ದರಿಂದ ಈ ಒಂದು ನಿಯಮಕ್ಕಾಗಿಯೇ ಫೀ ಕೊಡಬಹುದು ಅಂತ ನನಗನಿಸುತ್ತದೆ.

ನಿಲ್ಲುವುದಾದ ಮೇಲೆ ಹೆಜ್ಜೆ. ಈ ಕ್ಲಾಸಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ ಘಟ್ಟ.

ಹಾಲಿನ ಮೂಲೆಯಲ್ಲಿ ಎರಡು ತೂಕದ ಮಷಿನ್ ಇವೆ. ಮನೆಯಲ್ಲಿ ಕಿಲೋ ನೋಡಿಕೊಳ್ಳಲು ಇಟ್ಟುಕೊಳ್ಳುತ್ತೇವಲ್ಲ, ಅಂಥವು. ಒಂದೊಂದರ ಮೇಲೆ ಒಂದೊಂದು ಪಾದ ಇಟ್ಟು ನಿಲ್ಲಬೇಕು. ತೈಚಿಯ ಹೆಜ್ಜೆಯ ಮೂಲ ಇಷ್ಟೇ: ಒಂದು ಕಾಲು ತುಂಬಿರಬೇಕು, ಇನ್ನೊಂದು ಖಾಲಿ ಆಗಬೇಕು, ಖಾಲಿ ಆದ ಮೇಲೆಯೇ ಅದು ನೆಲ ಬಿಡಬೇಕು. ಬಾಯಲ್ಲಿ ಹೇಳುವುದು ಸುಲಭ. ಮಷಿನ್ ಮೇಲೆ ನಿಂತು ಎಡಗಾಲಿನ ಭಾರವನ್ನೆಲ್ಲ ಬಲಗಾಲಿಗೆ ದಾಟಿಸಿ, "ಖಾಲಿ ಆಯ್ತು ಸರ್" ಅಂದವರ ಎಡಗಡೆಯ ಮಷಿನ್ ನೋಡಿದರೆ ಇನ್ನೂ ಹತ್ತು, ಹನ್ನೆರಡು ಕಿಲೋ ತೋರಿಸುತ್ತಿರುತ್ತದೆ. ಅಷ್ಟು ಭಾರ ಇರುವಾಗಲೇ ನಾವು ದಿನಾ ಕಾಲು ಎತ್ತಿ ಮುಂದೆ ಇಡುತ್ತೇವೆ. ಅಂದರೆ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಬೀಳುತ್ತಾ ನಡೆಯುತ್ತೇವೆ. ಆ ಸಂಖ್ಯೆ ನಿಧಾನವಾಗಿ ಇಳಿಯಬೇಕು, ಸೊಂಟ ಒಂದು ಕಡೆಗೆ ಹೊರಳಬಾರದು, ತಲೆ ವಾಲಬಾರದು. ಎಂಟು, ಐದು, ಮೂರು, ಸೊನ್ನೆ. ಸೊನ್ನೆ ಬಂದ ಮೇಲೆ ಆ ಪಾದವನ್ನು ಎತ್ತಿದರೆ ಬಲಗಡೆಯ ಮಷಿನ್ನಿನ ಮುಳ್ಳು ಅಲುಗುವುದೇ ಇಲ್ಲ.

ಇದನ್ನು ಪುಸ್ತಕದಲ್ಲಿ ಓದಿದರೆ ಯಿನ್, ಯಾಂಗ್ (ಮೃದು, ಗಡಸು) ಅಂತೆಲ್ಲ ಬರುತ್ತದೆ. ಯಾಂಗ್ ಚೆಂಗ್‌ಫು ಅನ್ನುವ ಯಾಂಗ್ ಶೈಲಿಯ ಗುರು ಹೇಳಿದ ಹತ್ತು ಮುಖ್ಯ ನಿಯಮಗಳಲ್ಲೂ ತುಂಬಿದ ಕಾಲು, ಖಾಲಿ ಕಾಲು ಬೇರೆ ಮಾಡುವುದು ಒಂದು. ಆದರೆ ಮುಳ್ಳು ನೋಡಿ ಕಲಿತದ್ದು ಮರೆಯುವುದಿಲ್ಲ. ಮಷಿನ್ ಶಾಪಿನವನಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಲೇತ್‌ನಲ್ಲಿ ಲೋಹದ ತುಂಡನ್ನು ಹಿಡಿದು ತಿರುಗಿಸುವ ಚಕ್ ಸಡಿಲವಿದ್ದರೆ ಟೂಲ್ ಎಷ್ಟು ಚೂಪಾಗಿದ್ದರೂ ಅಳತೆ ಬರುವುದಿಲ್ಲ. ತೈಚಿಯಲ್ಲಿ ಕೈ ಅನ್ನುವುದು ಟೂಲ್, ಕಾಲು ಮತ್ತು ಸೊಂಟ ಚಕ್ಕು. ಹೊಸಬರೆಲ್ಲ ಕೈ ನೋಡುತ್ತಾರೆ, ಸರ್ ಕಾಲು ನೋಡುತ್ತಾರೆ.

ಹೆಜ್ಜೆ ಬಂದವರಿಗೆ ಮಾತ್ರ ಫಾರ್ಮ್, ಅಂದರೆ ಒಂದಾದ ಮೇಲೊಂದು ಮಾಡುವ ಭಂಗಿಗಳ ಸರಣಿ, ಶುರು. ಎಲ್ಲರೂ ಬರುವುದು ಇದಕ್ಕೇ, ಆದರೆ ನಾನು ಇಲ್ಲಿ ಜಾಸ್ತಿ ನಿಲ್ಲುವುದಿಲ್ಲ. ಮೊದಲು 24 ಭಂಗಿಗಳ ಚಿಕ್ಕ ಫಾರ್ಮ್. ಇದನ್ನು 1956ರಲ್ಲಿ ಚೀನಾದ ಕ್ರೀಡಾ ಆಯೋಗದವರು ಯಾಂಗ್ ಶೈಲಿಯ ಉದ್ದನೆಯ ಫಾರ್ಮಿನಿಂದ ಆರಿಸಿ, ಪುನರಾವರ್ತನೆ ಕಡಿಮೆ ಮಾಡಿ, ಸಾಮಾನ್ಯ ಜನರಿಗಾಗಿ ಕಟ್ಟಿದ್ದು. ಪೂರ್ತಿ ಮಾಡಲು ಐದಾರು ನಿಮಿಷ ಸಾಕು. ಕಾಡುಕುದುರೆಯ ಜೂಲು ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಮೋಡದ ಕೈ, ಹುಂಜ ಒಂಟಿಕಾಲಲ್ಲಿ ನಿಲ್ಲುವುದು, ಹೀಗೆ ಒಂದೊಂದಕ್ಕೂ ಹೆಸರಿದೆ. ಸರ್ ವಾರಕ್ಕೆ ಒಂದು ಭಂಗಿಗಿಂತ ಜಾಸ್ತಿ ಕೊಡುವುದಿಲ್ಲ. ಕೆಲವು ಸಲ ಅದನ್ನೂ ಕೊಡುವುದಿಲ್ಲ. ಇದು ಮುಗಿದವರಿಗೆ ಉದ್ದನೆಯ ಫಾರ್ಮ್. ಎಣಿಸುವ ರೀತಿಯ ಮೇಲೆ ಕೆಲವರು 85 ಅನ್ನುತ್ತಾರೆ, ಕೆಲವರು 103, ಇನ್ನು ಕೆಲವರು 108. ಎಣಿಕೆ ಬೇರೆ, ಫಾರ್ಮ್ ಒಂದೇ.

ಬೆಲ್ಟ್ ಇಲ್ಲ, ಗ್ರೇಡ್ ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಮಕ್ಕಳನ್ನು ಕರಾಟೆಗೆ ಕಳಿಸಿ ವರ್ಷಕ್ಕೊಂದು ಬಣ್ಣ ನೋಡಿದ ಅಪ್ಪ-ಅಮ್ಮಂದಿರಿಗೆ ಇದು ಮೊದಮೊದಲು ಸಮಾಧಾನ ಕೊಡುವುದಿಲ್ಲ. "ಹಾಗಾದರೆ ಮುಂದೆ ಹೋಗಿದ್ದೇವೆ ಅಂತ ಗೊತ್ತಾಗುವುದು ಹೇಗೆ?" ಅಂತ ಒಂದು ದಿನ ನಾನೂ ಕೇಳಿದೆ. ಆಗ ಸರ್ ಹೇಳಿದ್ದು ಚೆನ್ ಮನೆತನದ 19ನೇ ತಲೆಮಾರಿನ ಚೆನ್ ಶಿಯಾವ್‌ವಾಂಗ್ ವಿವರಿಸಿದ ಐದು ಹಂತಗಳ ಲೆಕ್ಕ. ಚೆನ್ ಮನೆತನ ಅಂದರೆ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಹಳ್ಳಿಯವರು. ಯಾಂಗ್ ಶೈಲಿ ಶುರು ಮಾಡಿದ ಯಾಂಗ್ ಲೂಚಾನ್ (1799–1872) ಕಲಿತದ್ದೂ ಆ ಹಳ್ಳಿಯಲ್ಲೇ, ಚೆನ್ ಚಾಂಗ್‌ಶಿಂಗ್ ಅವರ ಬಳಿ. ಮೇಲೆ ಹೇಳಿದ ಯಾಂಗ್ ಚೆಂಗ್‌ಫು (1883–1936) ಈ ಲೂಚಾನ್ ಅವರ ಮೊಮ್ಮಗ.

ಆ ಲೆಕ್ಕ ಹೀಗಿದೆ. ಮೊದಲ ಹಂತದವನ ಮೈಯಲ್ಲಿ ಹತ್ತಕ್ಕೆ ಒಂದು ಪಾಲು ಮಾತ್ರ ಯಿನ್, ಅಂದರೆ ಮೃದು. ಒಂಬತ್ತು ಪಾಲು ಯಾಂಗ್, ಗಡಸು. ಎರಡನೇ ಹಂತದಲ್ಲಿ ಎರಡಕ್ಕೆ ಎಂಟು. ಮೂರನೆಯದರಲ್ಲಿ ಮೂರಕ್ಕೆ ಏಳು, ನಾಲ್ಕನೆಯದರಲ್ಲಿ ನಾಲ್ಕಕ್ಕೆ ಆರು. ಐದನೆಯದರಲ್ಲಿ ಎರಡೂ ಸಮ. ಚಲನೆಯೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಶುರುವಿನಲ್ಲಿ ಕೈಕಾಲು ದೊಡ್ಡ ವೃತ್ತ ಬರೆಯುತ್ತವೆ, ಆಮೇಲೆ ನಡುವಿನ ವೃತ್ತ, ಆಮೇಲೆ ಚಿಕ್ಕದು, ಕೊನೆಗೆ ಹೊರಗಿನಿಂದ ವೃತ್ತವೇ ಕಾಣುವುದಿಲ್ಲ. ನನಗೆ ಈ ಲೆಕ್ಕದಲ್ಲಿ ಹಿಡಿಸಿದ್ದು ಒಂದು ವಿಷಯ. ಇಲ್ಲಿ ಮುಂದೆ ಹೋಗುವುದು ಅಂದರೆ ಹೊಸ ಪಟ್ಟು ಕೂಡಿಸಿಕೊಳ್ಳುವುದು ಮಾತ್ರ ಅಲ್ಲ. ಅದೇ ಫಾರ್ಮನ್ನು ಇನ್ನಷ್ಟು ಗಡಸು ಕಳೆದು ಮಾಡುವುದು. ಹತ್ತು ವರ್ಷದ ಹಳಬ ಮತ್ತು ಆರು ತಿಂಗಳ ಹೊಸಬ ಒಟ್ಟಿಗೆ ಅದೇ ಮೋಡದ ಕೈ ಮಾಡುತ್ತಿರುತ್ತಾರೆ. ಹಳಬನ ಕೈ ಸೊಂಟದಿಂದ ತಿರುಗುತ್ತದೆ, ಹೊಸಬನದು ಭುಜದಿಂದ. ಒಮ್ಮೆ ಕಣ್ಣು ಕೂತ ಮೇಲೆ ಹಾಲಿನ ಬಾಗಿಲಲ್ಲಿ ನಿಂತೇ ಹೇಳಬಹುದು.

ಸರ್ ಯಾರಿಗೂ "ನೀವು ಇಂಥ ಹಂತ" ಅಂತ ಹೇಳುವುದಿಲ್ಲ. ಅದು ಒಳ್ಳೆಯದೇ. ತಪ್ಪು ಮಾತ್ರ ಹೇಳುತ್ತಾರೆ, ಒಂದು ಸಲಕ್ಕೆ ಒಂದೇ ತಪ್ಪು. ಅದು ತಿದ್ದಿದ ಮೇಲೆ ಇನ್ನೊಂದು. ಎಲ್ಲ ಒಂದೇ ಸಲ ಹೇಳಿದರೆ ಮನುಷ್ಯ ನಿಂತಲ್ಲೇ ಕಟ್ಟಿಗೆ ಆಗಿಬಿಡುತ್ತಾನೆ ಅನ್ನುವುದು ಅವರಿಗೆ ಗೊತ್ತು. ಕಲಿಸುವ ಕೈ ಪಳಗಿದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಗುರುತು ಬೇಕಿಲ್ಲ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ಇದು ಚಿಕ್ಕದಲ್ಲ.

ತೈಚಿಯಲ್ಲಿ ತ್ವೇಶೋ ಅಂತ ಜೋಡಿ ಅಭ್ಯಾಸ ಇದೆ. ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರು ತಳ್ಳಿದರೆ ಇನ್ನೊಬ್ಬರು ಅದನ್ನು ತೆಗೆದುಕೊಂಡು ತಿರುಗಿಸುವುದು. ಮೊದಲು ಒಂದೇ ಕೈ, ಕಾಲು ಕದಲಿಸುವಂತಿಲ್ಲ. ಆಮೇಲೆ ಎರಡೂ ಕೈ, ಪೆಂಗ್, ಲ್ಯೂ, ಜೀ, ಆನ್ ಅನ್ನುವ ನಾಲ್ಕು ಬಲಗಳ ಸುತ್ತು: ತಡೆದು ತೇಲಿಸುವುದು, ಎಳೆದು ದಾಟಿಸುವುದು, ಒತ್ತುವುದು, ತಳ್ಳುವುದು. ಆಮೇಲೆ ಹೆಜ್ಜೆ ಹಾಕುತ್ತಾ. ಅದಕ್ಕೂ ಮುಂದೆ ದಾಲ್ಯೂ, ಅದರಲ್ಲಿ ಮೂಲೆಗಳ ಕಡೆ ಹೆಜ್ಜೆ ಹಾಕಿ ಮೊಣಕೈ, ಭುಜ ಕೂಡ ಬಳಸುತ್ತಾರೆ. ನಿಯಮ ಎರಡೇ: ತಾಗಿದ ಕೈ ಬಿಟ್ಟುಹೋಗಬಾರದು, ಬಲಕ್ಕೆ ಬಲ ಕೊಟ್ಟು ಅಡ್ಡ ನಿಲ್ಲಬಾರದು.

ನನಗೆ ತೈಚಿ ಅಂದರೆ ಏನು ಅಂತ ನಿಜವಾಗಿ ತಿಳಿದದ್ದು ಇಲ್ಲಿ. ನನ್ನ ಜೋಡಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವವರು, ನನಗಿಂತ ತೂಕ ಕಡಿಮೆ, ಆದರೆ ಹಳಬರು. ಅವರ ಎದೆಗೆ ನನ್ನ ಅಂಗೈ ಹೋಗುತ್ತಿದೆ. ಅವರ ಮಣಿಕಟ್ಟು ನನ್ನ ಮಣಿಕಟ್ಟಿಗೆ ತಾಗಿಯೇ ಇದೆ, ಒತ್ತಡ ಏನೂ ಇಲ್ಲ, ಆದರೆ ಬಿಟ್ಟೂ ಇಲ್ಲ. ನಾನು ಇನ್ನೊಂದು ಬೆರಳಿನಷ್ಟು ಮುಂದೆ ತಳ್ಳಿದಾಗ ಅವರ ಹಿಂದಿನ ತೊಡೆಯ ಮೇಲೆ ಭಾರ ಕೂತು, ಸೊಂಟ ಬಾಗಿಲ ತಿರುಗಣಿಯ ಹಾಗಲ್ಲ, ಪೂರ್ತಿ ಬುಡಸಮೇತ ತಿರುಗಿತು. ನನ್ನ ಅಂಗೈ ಹೋಗಬೇಕಾದ ಜಾಗದಲ್ಲಿ ಎದೆ ಇರಲಿಲ್ಲ. ನನ್ನ ಹಿಮ್ಮಡಿ ಫರ್ಸಿಯಿಂದ ಎದ್ದಿತ್ತು. ಅವರು ಆಮೇಲೆ ತಳ್ಳಲಿಲ್ಲ, ಸುಮ್ಮನೆ ಕೈ ಅಲ್ಲೇ ಇಟ್ಟರು. ಕುಸ್ತಿಯಲ್ಲೂ ಪಳಗಿದ ಪೈಲ್ವಾನರ ಕೈ ಹೀಗೇ ಎದುರಿನವನ ಭಾರ ಹುಡುಕುತ್ತದೆ. ಕುತ್ತಿಗೆ ಹಿಡಿದ ಕೈಯಲ್ಲೇ ಅವನು ಯಾವ ಕಾಲ ಮೇಲಿದ್ದಾನೆ ಅಂತ ಗೊತ್ತಾಗುತ್ತದೆ. ಆದರೆ ತಾಲೀಮಿನಲ್ಲಿ ಹುಡುಗರು ಮಣ್ಣಿಗೆ ಇಳಿದ ಸ್ವಲ್ಪ ದಿನಕ್ಕೇ ಜೋರು, ಅಂದರೆ ಜೋಡಿಯ ಜೊತೆ ಕುಸ್ತಿಯ ಅಭ್ಯಾಸ, ಮಾಡಲು ಬಿಡುತ್ತಾರೆ. ದಂಡ, ಬೈಠಕ್ ಒಂದು ಕಡೆ, ಜೋರು ಒಂದು ಕಡೆ, ಎರಡೂ ಜೊತೆಯಲ್ಲೇ ನಡೆಯುತ್ತವೆ. ಕುಸ್ತಿ ಕಲಿಸುವ ವಸ್ತಾದರು ಪಕ್ಕದಲ್ಲಿ ನಿಂತು ತಿದ್ದುತ್ತಾ ಹೋಗುತ್ತಾರೆ.

ಇಲ್ಲಿ ಹಾಗಿಲ್ಲ. 24ರ ಫಾರ್ಮ್ ಪೂರ್ತಿಯಾಗಿ, ಸರ್ ಕಣ್ಣಿಗೆ ಅದು ಸರಿ ಅನಿಸಿದ ಮೇಲೆಯೇ ತ್ವೇಶೋ. ಅಲ್ಲಿಗೆ ಬರಲು ಬಹಳ ಜನಕ್ಕೆ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಸರ್ ವಾದ ನನಗೆ ಗೊತ್ತು: ಬೇಗ ಜೋಡಿಗೆ ಬಿಟ್ಟರೆ ಜನ ತೋಳಿನ ಬಲದಲ್ಲಿ ಗೆಲ್ಲಲು ನೋಡುತ್ತಾರೆ, ಆ ಚಟ ಆಮೇಲೆ ಹೋಗುವುದಿಲ್ಲ. ಮಾತು ಸುಳ್ಳಲ್ಲ. ಆದರೆ ಒಬ್ಬರೇ ಮಾಡುವ ಫಾರ್ಮಿನಲ್ಲಿ ನಮ್ಮ ತಪ್ಪು ನಮಗೆ ಸಿಗುವುದಿಲ್ಲ. ಭುಜ ಬಿಟ್ಟಿದ್ದೇನೋ ಇಲ್ಲವೋ ಅಂತ ಹೇಳಲು ಇನ್ನೊಬ್ಬರ ಕೈ ಬೇಕು. ಹಕ್ಕಿಯ ಬಾಲ ಹಿಡಿಯುವ ಭಂಗಿಯಲ್ಲಿ ಇರುವುದೇ ಪೆಂಗ್, ಲ್ಯೂ, ಜೀ, ಆನ್. ಎದುರಿಗೆ ಯಾರೂ ಇಲ್ಲದೆ ಎರಡು ವರ್ಷ ಅದನ್ನು ಗಾಳಿಯಲ್ಲಿ ಮಾಡಿಸಿದರೆ ಕಲಿಯುವವರಿಗೆ ಅದು ಕೈ ಆಡಿಸುವ ವ್ಯಾಯಾಮವಾಗಿಯೇ ಉಳಿಯುತ್ತದೆ. ತೂಕದ ಮಷಿನ್ ಇಟ್ಟು ಹೆಜ್ಜೆ ಕಲಿಸುವಷ್ಟು ಯೋಚನೆ ಮಾಡುವ ಗುರುಗಳು ಇದನ್ನೂ ಯೋಚಿಸಬೇಕು ಅನ್ನುವುದು ನನ್ನ ಕೋರಿಕೆ. ಒಂದು ಕೈಯ ತ್ವೇಶೋ, ವಾರಕ್ಕೆ ಹತ್ತು ನಿಮಿಷ, ಹೆಜ್ಜೆ ಬಂದ ತಕ್ಷಣ. ಅಷ್ಟು ಸಾಕು.

ಇದರಿಂದ ನಷ್ಟ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಬರುತ್ತಿದ್ದ. ಮೈಕಟ್ಟು ಚೆನ್ನಾಗಿತ್ತು, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. "ಸರ್, ಇದನ್ನ ಬಳಸೋದು ಯಾವಾಗ ಕಲಸ್ತೀರಿ?" ಅಂತ ಕೇಳುತ್ತಿದ್ದ. "ಅವಸರ ಯಾಕಪ್ಪ, ಬರ್ತದ" ಅನ್ನುತ್ತಿದ್ದರು ಸರ್. ಆರೇಳು ತಿಂಗಳು ಕಾದ, ಆಮೇಲೆ ಬರುವುದು ನಿಲ್ಲಿಸಿದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಇದು ಮೂಲದಲ್ಲಿ ಹೋರಾಟದ ವಿದ್ಯೆ. ಯಾಂಗ್ ಲೂಚಾನ್ ಬೀಜಿಂಗ್‌ನಲ್ಲಿ ಹೆಸರು ಮಾಡಿದ್ದು ಆರೋಗ್ಯದ ವ್ಯಾಯಾಮ ಹೇಳಿಕೊಟ್ಟು ಅಲ್ಲ. ಅಂಥ ಹುಡುಗರನ್ನು ಕಳೆದುಕೊಂಡರೆ ಮುಂದೆ ಈ ಊರಿನಲ್ಲಿ ಇದನ್ನು ಕಲಿಸುವವರು ಯಾರು?

ಇನ್ನೊಂದು ಕಡೆ ಅದೇ ನಿಧಾನ ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನೂ ಹೇಳಬೇಕು. ಶಹಾಪುರದಿಂದ ಒಬ್ಬ ಕಾಕು ಬರುತ್ತಾರೆ, ಅರವತ್ತೈದು ದಾಟಿದವರು. ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ಮನೆಯಲ್ಲೂ ಗೋಡೆ ಹಿಡಿದು ನಡೆಯುತ್ತಿದ್ದರಂತೆ. ಅವರ ಮಗ ಡಾಕ್ಟರು. ತೈಚಿಗೆ ಕಳಿಸಿದ್ದು ಅವರೇ. 2012ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದ ಬಗ್ಗೆ ಅವರು ನನಗೆ ಹೇಳಿದರು. ಪಾರ್ಕಿನ್ಸನ್ (ಕೈಕಾಲು ನಡುಗುವ, ಸಮತೋಲನ ತಪ್ಪುವ ನರರೋಗ) ಇರುವ 195 ಜನರನ್ನು ಮೂರು ಗುಂಪು ಮಾಡಿ, ತೈಚಿ, ತೂಕ ಬಳಸುವ ವ್ಯಾಯಾಮ, ಸ್ಟ್ರೆಚಿಂಗ್ ಅಂತ ವಾರಕ್ಕೆ ಎರಡು ಸಲ, 24 ವಾರ ಮಾಡಿಸಿದರು. ಸಮತೋಲನದಲ್ಲಿ ತೈಚಿ ಗುಂಪು ಮುಂದಿತ್ತು. ಬೀಳುವುದು ಸ್ಟ್ರೆಚಿಂಗ್ ಗುಂಪಿಗಿಂತ ಕಡಿಮೆ ಆಯಿತು. ತೂಕದ ವ್ಯಾಯಾಮದವರಿಗೂ ಇವರಿಗೂ ಬೀಳುವ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಪವಾಡ ಅಲ್ಲ, ಆದರೆ ಗಟ್ಟಿ ಉಪಯೋಗ. ಕಾಕುಗೆ ಪಾರ್ಕಿನ್ಸನ್ ಇಲ್ಲ, ಭಯ ಇತ್ತು ಅಷ್ಟೇ. ಅವರು ತೂಕದ ಮಷಿನ್ ಮೇಲೆ ಕಳೆದಷ್ಟು ಹೊತ್ತು ಬೇರೆ ಯಾರೂ ಕಳೆದಿಲ್ಲ. "ಕಾಕು, ಸೊನ್ನೆ ಬಂತು ನೋಡ್ರಿ, ಈಗ ಎತ್ರಿ" ಅಂತ ಸರ್ ಪಕ್ಕದಲ್ಲೇ ಕೂತಿರುತ್ತಿದ್ದರು. ಕುರ್ಚಿ ಹಿಡಿದು, ಆಮೇಲೆ ಒಂದು ಬೆರಳು ತಾಗಿಸಿ, ಆಮೇಲೆ ಅದೂ ಇಲ್ಲದೆ. ಈಗ ಹುಂಜದ ಭಂಗಿಯಲ್ಲಿ ಒಂಟಿಕಾಲಲ್ಲಿ ನಿಲ್ಲುತ್ತಾರೆ. ಮೆಟ್ಟಿಲು ಇಳಿಯುವಾಗ ಯಾರ ಕೈಯನ್ನೂ ಹಿಡಿಯುವುದಿಲ್ಲ. ಇಂಥವರಿಗೆ ಈ ಕ್ಲಾಸಿಗಿಂತ ಒಳ್ಳೆಯದು ಬೆಳಗಾವಿಯಲ್ಲಿ ನಾನು ಕಂಡಿಲ್ಲ.

ಇನ್ನು ವ್ಯವಹಾರದ ಮಾತು. ಫೀ ತಿಂಗಳಿಗೆ 1,200 ರೂಪಾಯಿ, ಅರವತ್ತು ದಾಟಿದವರಿಗೆ 800. ವರ್ಷದ್ದು ಒಟ್ಟಿಗೆ ಕೊಡಿ ಅಂತ ಕೇಳುವುದಿಲ್ಲ, ಡ್ರೆಸ್ ಕೊಳ್ಳಿ ಅಂತ ಹೇಳುವುದಿಲ್ಲ. ಸಡಿಲ ಪೈಜಾಮ, ಚಪ್ಪಟೆ ತಳದ ಕ್ಯಾನ್ವಾಸ್ ಶೂ ಸಾಕು. ದಪ್ಪ ಸೋಲಿನ ರನ್ನಿಂಗ್ ಶೂ ಬೇಡ, ನೆಲ ಗೊತ್ತಾಗುವುದಿಲ್ಲ. ಬೆಳಗ್ಗೆ 6ರಿಂದ 7.15, ಭಾನುವಾರ ರಜೆ. ಸಂಜೆ ಬ್ಯಾಚ್ ಇಲ್ಲ. ಫಸ್ಟ್ ಶಿಫ್ಟಿನವರಿಗೆ ಇದು ಕಷ್ಟ, ನನ್ನ ಕೆಲವು ಸಹೋದ್ಯೋಗಿಗಳು ಇದೇ ಕಾರಣಕ್ಕೆ ಸೇರಲಾಗಿಲ್ಲ. ಹಾಲಿನ ನೆಲ ಶಹಾಬಾದ್ ಫರ್ಸಿ, ಡಿಸೆಂಬರ್‌ನಲ್ಲಿ ಮಂಜಿನ ಹಾಗೆ ತಣ್ಣಗಿರುತ್ತದೆ, ಕಾಲುಚೀಲ ತನ್ನಿ. ಜುಲೈ ಮಳೆಯಲ್ಲಿ ಒಂದು ಮೂಲೆ ಸೋರುತ್ತದೆ, ಅಲ್ಲಿ ಬಕೆಟ್ ಇಟ್ಟು ಕ್ಲಾಸ್ ನಡೆಯುತ್ತದೆ. ಸೋರಿಕೆ ರಿಪೇರಿ ಮಾಡಿಸಬೇಕು, ಒದ್ದೆ ಫರ್ಸಿ ಮೇಲೆ ವಯಸ್ಸಾದವರು ಹೆಜ್ಜೆ ಕಲಿಯುವುದು ಸರಿಯಲ್ಲ. ಹೆಂಗಸರಿಗೆ ಬಟ್ಟೆ ಬದಲಿಸಲು ಬೇರೆ ಕೋಣೆ ಇಲ್ಲ, ಅವರು ಮನೆಯಿಂದಲೇ ತಯಾರಾಗಿ ಬರುತ್ತಾರೆ. ಗಾಡಿ ನಿಲ್ಲಿಸಲು ಓಣಿಯಲ್ಲಿ ಟೂ ವೀಲರ್‌ಗೆ ಜಾಗ ಇದೆ, ಕಾರಿಗೆ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಡಿಮೆಯಾದ ಒಂದು, ತ್ವೇಶೋ ತಡವಾಗಿ ಶುರು ಮಾಡುವುದಕ್ಕೆ. ಸೋರುವ ಛಾವಣಿಗೆ ಕಡಿಮೆ ಮಾಡಿಲ್ಲ.

ಮೊಳಕಾಲು, ಸೊಂಟದ ತೊಂದರೆ ಇರುವವರು ಮೊದಲ ದಿನವೇ ಸರ್‌ಗೆ ಹೇಳಿ, ಭಂಗಿ ಎತ್ತರ ಮಾಡಿ ಕೊಡುತ್ತಾರೆ. ಮೂರು ತಿಂಗಳಲ್ಲಿ ಏನಾದರೂ ಕಲಿತು ತೋರಿಸಬೇಕು ಅನ್ನುವವರು ಬರಬೇಡಿ, ಮೂರು ತಿಂಗಳು ನಿಲ್ಲುವುದರಲ್ಲಿ ಮತ್ತು ಹೆಜ್ಜೆಯಲ್ಲೇ ಹೋಗುತ್ತದೆ. ಹೋರಾಟದ ಕಡೆ ಆಸಕ್ತಿ ಇರುವ ಹುಡುಗರು, ಹುಡುಗಿಯರು ಖಂಡಿತ ಬನ್ನಿ. ಬಂದು ಹೆಜ್ಜೆ ಕಲಿತ ಮೇಲೆ ತ್ವೇಶೋ ಬೇಕು ಅಂತ ಕೇಳುತ್ತಾ ಇರಿ. ಶನಿವಾರ ಕ್ಲಾಸ್ ಮುಗಿದ ಮೇಲೆ ನಾನೂ ಕ್ಯಾಷಿಯರ್ ಸಾಹೇಬರೂ ಅರ್ಧ ಗಂಟೆ ಉಳಿದು ಕೈ ಕೂಡಿಸುತ್ತೇವೆ. ಹೊಸಬರು ನಿಂತು ನೋಡಬಹುದು, ಸರ್ ಬೇಡ ಅಂದಿಲ್ಲ.